ಬಣ್ಣ ನೋಡಾಂವ

ಇಪ್ಪತ್ತಾರು ವರ್ಷ ಆತು
ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಬಣ್ಣ ನೋಡಿ
ದರ ಹಾಕಾಕ ಹತ್ತಿ.
ಸೋಮವಾರ, ಗುರುವಾರ
ಮುಂಜಾನಿ ಮೂಗಿಗೆ ವಸ್ತ್ರ ಕಟ್ಟಿ
ಒಂದೊಂದು ರಾಶಿ ಮುಂದ ತುದಿಗಾಲ ಮ್ಯಾಲ ಕುಂತು
ಮುಷ್ಟಿ ತುಂಬ ಎತ್ತಿ ಬಿಸಿಲಿಗೆ ಹಿಡದು,
ಒಂದನ್ನ ಮುರದು, ಬೀಜ ಉದುರಿಸಿ,
ಸಿಪ್ಪಿ ಅಂಗೈಗೆ ತಿಕ್ಕಿ ಹೇಳತಿದ್ದೆ:
ಇದು ಇಷ್ಟು, ಅದು ಅಷ್ಟು.
ಬ್ಯಾರೆ ಕಡೆ ಕಾಯಿ ಕಲಬೆರಕಿ ಮಾಡಿ ತಂದ್ರ
ಹತ್ತು ಮಾರು ದೂರದಿಂದ ಹಿಡೀತಿತ್ತು
ಈ ಕಣ್ಣು.

ಆ ಗುರುವಾರ
ದಾಕ್ಷಾಯಣಿ ಮಾತು ಬಿಟ್ಟು ನಾಲ್ಕನೇ ದಿನ.
ಏನಿಲ್ಲ, ಸಣ್ಣದು.
ಅಕಿ ಗೆಳತಿ ಮುಂದ ನಾ ಒಂದು ಮಾತು ಅಂದಿದ್ದೆ.
ಅಂದ ಮ್ಯಾಲ ಅದು ಸಣ್ಣದಲ್ಲ ಅಂತ ಗೊತ್ತಾಗಿತ್ತು,
ಗೊತ್ತಾಗಿದ್ದು ಬಾಯಿಂದ ಹೊರಗ ಬಂದಿರಲಿಲ್ಲ.
ತಾಟು ಮುಂದ ಇಟ್ಟು ಹೋಗತಿದ್ಲು.
ಫರ್ಸಿಗೆ ಸ್ಟೀಲು ಬಡಿದ ಸಪ್ಪಳ ಒಂದ
ನಮ್ಮಿಬ್ಬರ ನಡುವಿನ ಮಾತು.

ಪ್ಯಾಟಿಗೆ ಹೊಂಟ್ರ
ಗೇಟಿನ್ಯಾಗ ಗೂಡ್ಸ್ ರೈಲು ಬೇಕಂತ ನಿಂತಂಗಿತ್ತು.
ಹಮಾಲರು ನಕ್ಕಿದ್ದೆಲ್ಲಾ ನನ್ನ ಬೆನ್ನ ಹಿಂದ.
ಚಹಾದ ಹುಡುಗ ಗ್ಲಾಸು ತೊಳದಿರಲಿಲ್ಲ,
ತೊಳದಿದ್ನೇನೋ, ಯಾರಿಗೆ ಗೊತ್ತು.
ಅಂಗಳದ ತುಂಬ, ಓಣಿ ತುಂಬ
ಊರಿಗೆ ಊರ ಕೆಂಪಾಗಿ ಬಿದ್ದಿತ್ತಂತ.
ನನಗ ಹಳೇ ಇಟ್ಟಂಗಿ ಬಣ್ಣ,
ಹಾಸಿಗಿ ಒಗದ ನೀರಿನ ಬಣ್ಣ.

ಕದರಮಂಡಲಗಿ ನಿಂಬೆವ್ವನ ರಾಶಿ, ಏಳು ಚೀಲ.
ಮುರದು ನೋಡಿದೆ. ತಿಕ್ಕಿ ನೋಡಿದೆ.
"ಕಸುವಿಲ್ಲಬೇ" ಅಂದೆ, "ಬಿಳಿಚೈತಿ."
ದರ ಕೇಳಿ ಅಕಿ ಜಗಳಾಡಲಿಲ್ಲ.
ಸೆರಗಿಗೆ ಕೈ ಒರಸಿಕೊಂಡು
ಕಾಯಿ ಬಿಟ್ಟು ನನ್ನ ನೋಡಿದ್ಲು
ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ.
"ಒಲ್ಲೆ ರೀ. ಕೋಲ್ಡ್ ಸ್ಟೋರೇಜಿಗೆ ಹಾಕತೀನಿ."

ರವಿವಾರ ರಾತ್ರಿ ಕರೆಂಟು ಹೋತು.
ಕತ್ತಲದಾಗ ದಾಕ್ಷಾಯಣಿ ದನಿ:
"ಅಪ್ಪಾ, ಬ್ಯಾಟರಿ ಎಲ್ಲಿ ಇಟ್ಟೀ?"
ಅಷ್ಟ.
"ಅಲ್ಲೇ, ಮಾಡದಾಗ" ಅಂದೆ.
ಅಷ್ಟ.
ಬ್ಯಾಟರಿ ಹಚ್ಚೂಕಿಂತ ಮೊದಲ
ಮನಿ ತುಂಬ ಎಲ್ಲಾ ಕಂಡಂಗಾತು.

ಸೋಮವಾರ ಗೇಟಿನ್ಯಾಗ ಮತ್ತ ಅದ ಗೂಡ್ಸು.
ಸಣ್ಣ ಹುಡುಗನಂಗ ಡಬ್ಬಿ ಎಣಿಸಿದೆ, ಐವತ್ತೆಂಟು.
ಅಂಗಡಿ ಮೂಲ್ಯಾಗಿನ ಒಂದು ರಾಶಿ
ದೂರದಿಂದ ಕಣ್ಣಿಗೆ ಹೊಡೀತು.
ಸುಕ್ಕು ಸುಕ್ಕಿನ್ಯಾಗ ಎಣ್ಣಿ ಮಿಂಚು,
ಅಂಗೈಗೆ ತಿಕ್ಕಿದ್ದು ಸಂಜೀತನಾ ಹೋಗಲಿಲ್ಲ.
"ಯಾರದಿದು? ಇಂಥಾ ಬಣ್ಣ ಈ ಸುಗ್ಗ್ಯಾಗ ನೋಡೇ ಇಲ್ಲ."
ಚೀಲದ ಹಿಂದಿಂದ ನಿಂಬೆವ್ವ:
"ನಂದ ರೀ. ಗುರುವಾರದ್ದ.
ಸ್ಟೋರೇಜಿನ್ಯಾಗ ಜಾಗ ಸಿಗಲಿಲ್ಲ,
ಇಲ್ಲೇ ತಾಡಪಾಲ ಹೊಚ್ಚಿದ್ದೆ."
ಒಂದು ಗಳಿಗಿ ಬಿಟ್ಟು,
"ಅವತ್ತು ನಿಮಗ ಜ್ವರಾ ಬಂದಿತ್ತೇನ್ರೀ?"

ದರ ಹಾಕಿದೆ. ಮಾಲಕರು ಬೈಯೂವಷ್ಟು ಹಾಕಿದೆ.
ಅದರಾಗ ಮೆಣಸಿನಕಾಯಿದೆಷ್ಟು,
ಮಗಳು ಬ್ಯಾಟರಿ ಕೇಳಿದ್ದಕ್ಕ ಕೂಡಿಸಿದ್ದೆಷ್ಟು,
ಇನ್ನೂ ಲೆಕ್ಕ ಹತ್ತಿಲ್ಲ.

ಅವತ್ತಿಂದ ನಿದ್ದಿ ಬರದ ರಾತ್ರಿ
ಹಳೇ ರಾಶಿಗಳು ಎದುರು ಬಂದು ಕೂಡತಾವ.
ಹೆಂಡತಿ ತೀರಿದ ವರ್ಷ
ಇಡೀ ಸುಗ್ಗಿ ನಾ ಏನು ನೋಡಿದೆ?
ದಾಕ್ಷಾಯಣಿ ಹುಟ್ಟಿದ ವಾರ
ಯಾರ್ಯಾರ ಬಿಳಿಗಾಯಿ ಬಂಗಾರದ ದರಕ್ಕ ಹ್ವಾದವು?
ಆ ಮಂದಿ ಹೆಸರು ನೆನಪಿಲ್ಲ,
ಬಣ್ಣಾನೂ ನೆನಪಿಲ್ಲ.

ಎಣ್ಣೀ ಫ್ಯಾಕ್ಟರಿಯವರು ಈಗ ಮಿಷನ್ ತಂದಾರ.
ಪುಡಿ ಹಾಕಿದ್ರ ನಂಬರ ಬರತೈತಿ.
ಅದಕ್ಕ ಮಗಳಿಲ್ಲ, ಗುರುವಾರಿಲ್ಲ.
ಚಲೋ ಆತು ಅಂದೀನಿ, ಅರ್ಧ ಮನಸಿನಿಂದ.
ಆದ್ರೂ ಸಣ್ಣ ರಾಶಿಗೆ ಇನ್ನೂ ನನ್ನ ಕರೀತಾರ.
ಹೋಗತೀನಿ. ಮೊದಲ ರಾಶಿ ಮುಂದ ಕುಂತು,
ಇನ್ನೂ ಏನೂ ಮುಟ್ಟಿರೂದಿಲ್ಲ,
ಬರೇ ಅಂಗೈ ಬಿಸಿಲಿಗೆ ಹಿಡದು ನೋಡತೀನಿ,
ಇವತ್ತು ಇದು ಯಾವ ಬಣ್ಣ ಐತಿ ಅಂತ.