ಸುಳ್ಳಾಗಬಲ್ಲ ಸಾಲು

ಕ್ಲೈಪೆದಾದಲ್ಲಿ ನವೆಂಬರ್. ನಾಲ್ಕಕ್ಕೇ ದೀಪ.
ಬಂದರಿನ ಕ್ರೇನುಗಳ ಕತ್ತು ಮಂಜಿನಲ್ಲಿ ಮುಳುಗಿ
ಕಾಲು ಮಾತ್ರ ಉಳಿದಿವೆ.
ಫೆರಿಯ ಟಿಕೆಟ್ ಕಚೇರಿಯ ಮಹಡಿಯಲ್ಲಿ
ಔಶ್ರಿನೆ, ನಾನು, ಮತ್ತೆ ಹೊಗೆಮೀನಿನ ವಾಸನೆ,
ಮಧ್ಯಾಹ್ನ ಯಾರೋ ಹೀಟರಿನ ಮೇಲಿಟ್ಟು ಮರೆತದ್ದು.

ಹಳೆಯ ಪ್ರೋಗ್ರಾಮು ಒಂದೇ ಮುದ್ದೆ.
ದರ ಮುಟ್ಟಿದರೆ ಗಂಟೆ ತಪ್ಪುತ್ತದೆ,
ಗಂಟೆ ಸರಿಮಾಡಿದರೆ ಸೈಕಲ್ಲಿಗೆ ಲಾರಿಯ ಬೆಲೆ.
ಒಡೆದು ನಾಲ್ಕು ಮಾಡಿ ಅಂದರು ಮೇಲಿನವರು,
ತೆಂಗಿನಕಾಯಿ ಒಡೆದಷ್ಟೇ ಸಲೀಸು ಅನ್ನುವ ಹಾಗೆ.

ಔಶ್ರಿನೆ ಒಂದು ಸಾಲು ಟೈಪಿಸಿದಳು.
ಕಪ್ಪು ಪರದೆ ಕೇಳಿತು, ಜನನ ನೋಂದಣಿಯ ಗುಮಾಸ್ತನ ಗತ್ತಿನಲ್ಲಿ:
ಮನೆತನದ ಹೆಸರು? ಕೂಸಿನ ಹೆಸರು?
ಎಷ್ಟನೆಯ ಆವೃತ್ತಿ?
ಮೊದಲೆರಡಕ್ಕೆ ಉತ್ತರ ಕೊಟ್ಟಳು, ಮೂರನೆಯದಕ್ಕೆ ಬರೀ ಎಂಟರ್.

ಎರಡು ಉಸಿರಿನಲ್ಲಿ ಮನೆ ಎದ್ದು ನಿಂತಿತು.
ತಾಯಿ ಕಡತ ಒಂದು, ಅದರ ಸೆರಗು ಹಿಡಿದ ನಾಲ್ಕು ಮಾಡ್ಯೂಲು:
ಟಿಕೆಟ್, ವೇಳೆ, ಗಾಳಿ, ಲೆಕ್ಕ.
ಫೋಲ್ಡರಿನೊಳಗೆ ಫೋಲ್ಡರು, ಈರುಳ್ಳಿ ಸುಲಿದಂತೆ,
ಕೊನೆಗೇನಿದೆ ಎಂದು ನೋಡಿದರೆ
ನಾಲ್ಕರ ಗಂಟಲಲ್ಲೂ ಅದೇ ಮಾತು: ಹಲೋ, ವರ್ಲ್ಡ್.
ಯಾವ ಊರಲ್ಲೋ ಯಾರೋ ಎರೆದಿಟ್ಟ ಅಚ್ಚು.
ಆ ಮನುಷ್ಯ ಈ ಹಿನ್ನೀರನ್ನಾಗಲಿ,
ಆಚೆದಂಡೆಯ ಮರಳುಗುಡ್ಡವನ್ನಾಗಲಿ ಕಂಡಿರಲಾರ.

ಪರೀಕ್ಷೆಯೂ ಸಿದ್ಧವಾಗಿಯೇ ಬಂದಿತ್ತು, ಒಂದೇ ಪ್ರಶ್ನೆಯದು:
ನಿಜ ಎಂಬುದು ನಿಜವೇ?
ಓಡಿಸಿದೆವು. ಹಸಿರು. ನಾಲ್ಕಕ್ಕೆ ನಾಲ್ಕೂ ಪಾಸು.
"ಡ್ರೈವಿಂಗ್ ಲೈಸೆನ್ಸಿಗೂ ಹೀಗೇ ಕೇಳಿದ್ದರೆ!" ಅಂದಳು
ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

ಖಾಲಿ ಮನೆಯಲ್ಲಿ ಜಗಳವಿಲ್ಲ.
ಸಾಮಾನು ತುಂಬತೊಡಗಿದ ಮೇಲೆ ಶುರು:
ಟಿಕೆಟ್ಟಿಗೆ ಹಳೆಯ ಲೈಬ್ರರಿ ಬೇಕು, ಲೆಕ್ಕಕ್ಕೆ ಹೊಸದು,
ಎತ್ತು ಏರಿಗೆ, ಕೋಣ ನೀರಿಗೆ.
ಆವೃತ್ತಿ ಯಾವುದೆಂದು ನೀನೇ ಹೇಳು ತಾಯಿ ಎಂದು
ಮೇಲಿನ ಕಡತಕ್ಕೇ ಒಪ್ಪಿಸಿದೆವು,
ಮಕ್ಕಳು ಬಡಿಸಿದ್ದು ಉಣ್ಣಲಿ.
ಉಂಡವು. ಬುಧವಾರ ಕಳೆಯಿತು.

ಗುರುವಾರ ಬಿಲ್ಡು ನಿಂತೇ ಹೋಯಿತು.
ವೇಳೆಗೆ ಗಾಳಿ ಬೇಕು, ಗಾಳಿಗೆ ವೇಳೆ ಬೇಕು,
ಯಾರನ್ನು ಮೊದಲು ಕಟ್ಟಲಿ?
ಕೆಂಪಕ್ಷರದಲ್ಲಿ ಅದೇ ಸುತ್ತು.
ನಾವೂ ಸುತ್ತಿದೆವು, ಕೂತ ಕುರ್ಚಿಯಲ್ಲೇ, ರಾತ್ರಿ ಒಂಬತ್ತರ ತನಕ.
ಫೆರಿ ಹೊರಡುವ ಹೊತ್ತಿಗೆ ಮಾತ್ರ ಗಾಳಿ ಅಳೆದರೆ ಸಾಕು
ಎಂದು ಬರೆದವನು ನಾನೇ.
ಜಾಣತನ ಅಂದುಕೊಂಡಿದ್ದೆ.

ಕಟ್ಟೆಯ ಮೇಲೆ ಹಗ್ಗ ಸುತ್ತುವ ರಿಮ್ವಿದಾಸ್
ಚಹಾಕ್ಕೆಂದು ಮೇಲೆ ಬಂದ. ಮೂವತ್ತೊಂದು ವರ್ಷದಿಂದ ಇದೇ ಕಟ್ಟೆ.
ಬಿಳಿ ಹಲಗೆಯ ಮೇಲೆ ಎರಡು ಚೌಕ, ಎರಡು ಬಾಣ.
ಇದೇನು ಎಂದ. ಹೇಳಿದೆವು.
ಲೋಟ ಇಳಿಸದೆ, ಮೂಗಿನಲ್ಲೇ ನಕ್ಕು,
"ಗಾಳಿ ಯಾವತ್ತು ವೇಳಾಪಟ್ಟಿ ಕೇಳಿದೆ?" ಎಂದ.
ಹೆಬ್ಬೆರಳಿನಲ್ಲಿ ಒಂದು ಬಾಣ ಒರೆಸಿದ.
ಆ ಗ್ರೀಸು ಇನ್ನೂ ಹಲಗೆಯ ಮೇಲಿದೆ.

ಬಿಲ್ಡು ಹರಿಯಿತು.
ಕೋಟು ಕೈಗೆತ್ತಿಕೊಂಡಿದ್ದ ಔಶ್ರಿನೆ ನಿಂತಲ್ಲೇ ಬಗ್ಗಿ
ನಿಜ ನಿಜವೇ ಎಂಬುದನ್ನು ಅಳಿಸಿ ಆ ಜಾಗದಲ್ಲಿ ಬರೆದಳು:
ಗಾಳಿ ಸೆಕೆಂಡಿಗೆ ಹದಿನೆಂಟು ಮೀಟರ್ ದಾಟಿದರೆ
ಫೆರಿ ನಿಲ್ಲಬೇಕು.
ಓಡಿಸಿದೆವು. ಕೆಂಪು.
ನಿಲ್ಲಿಸುವ ಸಾಲನ್ನು ನಾವಿನ್ನೂ ಬರೆದಿರಲಿಲ್ಲವಲ್ಲ.

ಅಚ್ಚಿನಿಂದ ಬಂದ ಮನೆಯಲ್ಲಿ ಮೊದಲ ಸಲ
ಯಾರೋ ಇಲ್ಲ ಅಂದಿದ್ದರು.
ಅವಳು ಕೋಟನ್ನು ಮತ್ತೆ ಗೂಟಕ್ಕೆ ಹಾಕಿದಳು.

ಕಿಟಕಿಯ ಗಾಜು ಗಲಗಲ ಅನ್ನತೊಡಗಿತ್ತು.
ಕೆಳಗೆ, ಒಂಬತ್ತೂವರೆಯ ಫೆರಿಗೆ
ರಿಮ್ವಿದಾಸ್ ಇನ್ನೂ ಹಗ್ಗ ಬಿಚ್ಚಿರಲಿಲ್ಲ.