ಹತ್ತನೆಯ ಸಾಲು

ಚಿಲೊಯೆ ದ್ವೀಪದ ಬೀಜದ ಕಚೇರಿಯಲ್ಲಿ
ಸೌದೆ ಒಲೆಗೆ ಬೆನ್ನು ಕೊಟ್ಟು ಟೈಪು ಮಾಡುತ್ತೇನೆ:
ಮೊದಲು ಹೆಂಗಸಿನ ಹೆಸರು, ಒಳಗೆ ಅವಳ ಆಲೂಗಡ್ಡೆ.
ಬಣ್ಣವಿಲ್ಲ, ಚೌಕಟ್ಟಿಲ್ಲ, ಬರೀ ಅಕ್ಷರ, ಅಂಕಿ, ಸಣ್ಣ ಗೀಟು.
ಯಾವುದು ಯಾರ ಮಡಿಲಿನದೆಂದು ಹೇಳುವುದು
ಎಡಕ್ಕೆ ಬಿಟ್ಟ ಖಾಲಿ, ಅದೊಂದೇ.

ಕಲಿಸಿದವನು ನಿಕನೋರ್, ಮೀಸೆ ಇನ್ನೂ ನೆಟ್ಟಗೆ ಬಾರದ ಹುಡುಗ:
"ದೋನ್ಯಾ ಎದೆಲ್ಮೀರಾ, ಹೆಸರಿನ ಮೊದಲ ಅಕ್ಷರ ಎಲ್ಲಿದೆ ನೋಡಿ,
ಅದರ ನೇರ ಕೆಳಗೆ ಗೀಟು ಬರಬೇಕು.
ಅಂಕಿ, ಚುಕ್ಕೆ, ಒಂದು ಖಾಲಿ. ಅಲ್ಲಿಗೆ ಮೂರು.
ಮೂರು ಸಲ ಒತ್ತಿ, ಬರೆಯಿರಿ."
ಒತ್ತಿದೆ. ಒಂಬತ್ತು ಹೆಂಗಸರವರೆಗೆ ತಕರಾರಿಲ್ಲ.

ಹತ್ತನೆಯವಳು ರೊಸಾಲ್ಬಾ ವೆಂತೆಯೊ.
ಅವಳ ಕ್ಲಾವೆಲಾ, ಮಿಚುನ್ಯೆ, ಕಪ್ಪು ಬ್ರೂಹಾ
ಮೂರೂ ಹೊರಗೆ ಬಂದು ನಿಂತಿದ್ದವು,
ಮಣ್ಣು ಸಮೇತ, ಹೆಂಗಸರ ಸಮಕ್ಕೆ.
ಬ್ರೂಹಾ ಎಂದರೆ ಮಾಟಗಾತಿ; ಅವಳಿಗಾದರೂ ಒಪ್ಪುತ್ತೆ ಅಂದುಕೊಂಡೆ.
ಫೋನಿನಲ್ಲಿ ನಿಕನೋರ್ ನಕ್ಕ: "ಹತ್ತಕ್ಕೆ ಎರಡು ಅಂಕಿ.
ಹೆಸರು ಒಂದು ಹೆಜ್ಜೆ ಬಲಕ್ಕೆ ಸರಿದಿದೆ. ಮಕ್ಕಳೂ ಸರಿಯಬೇಕಲ್ಲ?"
ಒಂದು ಖಾಲಿ. ಏನೂ ಅಲ್ಲದ್ದು.
ಅದಿಲ್ಲದೆ ಮೂರು ಗೆಡ್ಡೆ ಬೀದಿಗೆ.

ತಿದ್ದಬೇಕೆಂದಿದ್ದೆ. ಆ ವಾರ ಕರೆಂಟು ಇರಲಿಲ್ಲ, ದೋಣಿಯೂ ಬರಲಿಲ್ಲ.
ಆಗಸ್ಟಿನ ಚಳಿಯಲ್ಲಿ ರೊಸಾಲ್ಬಾ ಹೋದಳು.

ಸತ್ತವರ ಸಾಲು ಅಳಿಸಬೇಕು, ಕಚೇರಿಯ ನಿಯಮ.
ಅಳಿಸಿದೆ. ಹಾಳೆ ತೆಗೆದು ನೋಡಿದರೆ
ಮೂರೂ ಒಂಬತ್ತನೆಯವಳ ಮಡಿಲಲ್ಲಿವೆ,
ಒತೀಲಿಯಾಳ ಕೆಳಗೆ, ಅಳೆದು ಇಟ್ಟ ಹಾಗೆ.
ಮೂರು ಖಾಲಿ ಅವಳಿಗೆ ಸಾಕಿತ್ತು.
ಬೇಲಿಯ ವಿಷಯಕ್ಕೆ ಹನ್ನೊಂದು ವರ್ಷ
ರೊಸಾಲ್ಬಾಳ ಜೊತೆ ಮಾತು ಬಿಟ್ಟವಳು.

ಅಕ್ಟೋಬರಿನಲ್ಲಿ ಹೋಗಿ ಕೇಳಿದೆ, ಕೇಳಲು ನಾಚಿಕೊಂಡೇ.
ಒತೀಲಿಯಾ ಹೊಲದಲ್ಲಿದ್ದಳು, ಬೂಟಿನ ತುಂಬ ಕೆಸರು.
"ಹೌದು, ನನ್ನ ಹತ್ತಿರವೇ ಇವೆ. ಮಣ್ಣು ಮಾಡಿದ ರಾತ್ರಿ
ಬುಟ್ಟಿಯಲ್ಲಿ ತಂದೆ. ಇಲಿ ತಿನ್ನಲೆಂದು ಬಿಡಲೇ?"
ಗುದ್ದಲಿಯ ಕೆಸರನ್ನು ಕಲ್ಲಿಗೆ ಕೆರೆದಳು, ಬಹಳ ಹೊತ್ತು.
"ಅವಳದು ಬೇರೆ ಸಾಲು. ನನ್ನದಕ್ಕೆ ಬೆರೆಸಿಲ್ಲ. ಬರೆದುಕೋ."

ಬರೆಯುತ್ತಿದ್ದೇನೆ. ಒಂಬತ್ತು, ಚುಕ್ಕೆ, ಒತೀಲಿಯಾ.
ಅವಳ ಸ್ವಂತ ಗೆಡ್ಡೆಗಳು ಮುಗಿದ ಮೇಲೆ
ಮೂರು ಖಾಲಿ, ಗೀಟು: ರೊಸಾಲ್ಬಾಳ ಸಾಲು.
ಐದು ಖಾಲಿ, ಗೀಟು: ಕ್ಲಾವೆಲಾ.
ಐದು ಖಾಲಿ, ಗೀಟು: ಮಿಚುನ್ಯೆ.
ಒಂದು, ಎರಡು, ಮೂರು...
ಒಲೆಗೆ ಸೌದೆ ಹಾಕಲು ಎದ್ದು ಬಂದು ಎಣಿಕೆ ತಪ್ಪಿದೆ,
ಬ್ರೂಹಾ ಇನ್ನೂ ಹೊರಗಿದ್ದಾಳೆ.