ಏಳನೇ ಬಾಯಿ

ಕ್ರೂಸರ್ ನಂದೇ. ಅಂದ್ರ ಅರ್ಧ ನಂದು,
ಅರ್ಧ ಫೈನಾನ್ಸಿನವರದು.
ಪರೀಕ್ಷಾ ಮುಗದ ಮರುದಿನ ನಸಿಕಿನ್ಯಾಗ
ಕಲಬುರಗಿ ಹಾಸ್ಟೆಲಿನ ಗೇಟಿಗೆ ಐದು ಮಂದಿ ನಿಂತಿದ್ದರು,
ಹಣಿಗೆ ಬ್ಯಾಟರಿ, ಮಣಕಾಲಿಗೆ ಪಟ್ಟಿ,
ಹೆಗಲಿಗೆ ಎಮ್ಮಿ ಕಟ್ಟುವಂಥಾ ಹಗ್ಗ.
"ಧೂಳಪ್ಪಣ್ಣ, ಅಡ್ವೆಂಚರ್!" ಅಂದಳು ಜಗದೇವಿ.
ಟೋಲಿನ ರೊಕ್ಕ ಬ್ಯಾರೆ, ಅಂದೆ ನಾ.

ಕಮಲಾಪುರದಾಗ ಕೆಂಪು ಬಾಳಿಹಣ್ಣು,
ಹುಮನಾಬಾದ ದಾಟೂತನಾ ಜಗಳ:
ಸಿದ್ರಾಮಗ ಮೊದಲು ಬೀದರ ಕಿಲ್ಲೆ ಏರಬೇಕು,
ಆಫ್ರೀನಗ ಮೊದಲು ಚಾ ಬೇಕು,
ಟಾಂಜಾನಿಯಾದ ನೀಮಾಗ ಕಿಟಕಿ ಕಡಿ ಸೀಟು ಬೇಕು.
ಒಬ್ಬನೇ ಒಬ್ಬ ಏನೂ ಬೇಡಲಿಲ್ಲ.
ರಾಮಿನ್ ಅಂತ, ಹೆರಾತಿನವ, ಫಾರ್ಮಸಿ ಓದಾವ.
ನಾ ರಾಮಣ್ಣ ಅಂದೆ, ಹೂಂ ಅಂದ.
ಎರಡು ವರ್ಷದಾಗ ಅವ ಕಲ್ತ ಕನ್ನಡ ಒಂದೇ ಸಾಲು,
"ಊಟ ಆತೇನ್ರಿ?"
ಅದನ್ನ ಮುಂಜಾನಿ ಐದಕ್ಕ ಕೇಳಿದ್ದ.

ನೌಬಾದಿನ್ಯಾಗ ನೆಲದ ಹೊಟ್ಯಾಗ ಒಂದು ಕಾಲುವಿ ಅದ,
ಸುಲ್ತಾನರ ಕಾಲದ್ದು. ನಾವು ಸುರಂಗ ಬಾವಿ ಅಂತೀವಿ.
ಮ್ಯಾಲ ಸಾಲು ಹಿಡದು ಬಾವಿಗಳು, ಬಾಯಿ ತೆರಕೊಂಡು.
ನಾ ಸಣ್ಣವಿದ್ದಾಗ ಕಲ್ಲು ಒಗದು
ಡುಬುಕ್ ಅನ್ನೂದ್ರಾಗ ಓಡ್ತಿದ್ದೆ,
ಯಾರರ ತಿರುಗಿ ಬೈದಾರು ಅಂತ.

ಅವರು ಇಳದರು. ನಾ ಮ್ಯಾಲ ಉಳದೆ.
ಒಂದನೇ ಬಾಯಾಗ ಬಗ್ಗಿದರ ಚೀರಾಟ, ಬಾವಲಿ ಅಂತ.
ಎರಡನೇದರಾಗ ಆಫ್ರೀನಳ ಚಪ್ಪಲಿ ಕಳದಿತ್ತು.
ಮೂರನೇದರಾಗ, "ಅಣ್ಣಾ, ನೀರು ಮಣಕಾಲಿಗೆ ಬಂತು!"
ದನಿ ಅಷ್ಟೇ, ತಲಿ ಕಾಣವಲ್ಲದು.
ತೊಗರಿ ಕೂಳಿ ತುಳಕೋತ
ಬಾಯಿಂದ ಬಾಯಿಗೆ ನಡದೆ ನಾ,
ಅವರ ಮಾತಿನ ತುದಿ ಹಿಡಕೊಂಡು.

ನಾಲ್ಕನೇ ಬಾಯಿ ಸುಮ್ಕಿತ್ತು.
ಐದನೇದೂ.
ಫೈನಾನ್ಸ್ ಮರತೆ. ಐದು ಮಂದಿ ತಾಯಂದಿರು ನೆನಪಾದರು,
ಅವರೊಳಗ ಇಬ್ಬರು ಯಾವ ದಿಕ್ಕಿಗೆ ಅದಾರಂತ
ಕೈ ಮಾಡಿ ತೋರಸ್ಲಿಕ್ಕೂ ನನಗ ಬರಂಗಿಲ್ಲ.
ಆರನೇದಕ್ಕ ಬೋರಲು ಬಿದ್ದು ಕಿವಿ ಕೊಟ್ಟೆ.
ಕರ್ ಕರ್ ಅಂತ ಏನೋ,
ಯಾರೋ ಬಗಸಿಲೆ ಮಣ್ಣು ಬಾಚಿದಂಗ.

ಏಳನೇದರಾಗ ಒಂದು ದನಿ ಎಣಿಸ್ತಿತ್ತು:
ಯಕ್, ದು, ಸೆ, ಚಹಾರ್,
ಪಂಜ್, ಶಶ್,
ಹಫ್ತ್.

ಅಲ್ಲಿಗೆ ನಿಂತಿತು ದನಿ, ನನ್ನ ಕಾಲಿನ ಕೆಳಗ.
ಹಫ್ತ್.
ಮೊದಲು ಆಟೋ, ಆಮ್ಯಾಗ ಈ ಗಾಡಿ,
ಇಪ್ಪತ್ತು ವರ್ಷ ವಾರಾ ವಾರಾ ಹಫ್ತಾ ಕಟ್ಟಾವ ನಾ.
ಅದರ ಹೊಟ್ಯಾಗ ಒಂದು ಏಳು ಕುಂತದ ಅಂತ
ವಸೂಲಿಗೆ ಬಂದವ ಯಾವನೂ ಹೇಳಿದ್ದಿಲ್ಲ.

"ರಾಮಣ್ಣ, ಏಳು!" ಅಂತ ಒದರಿದೆ.
ಎಣಿಕಿಗಿ ಅಂದೆನೋ, ಮ್ಯಾಲ ಬಾ ಅಂದೆನೋ,
ನನಗೂ ಇವತ್ತಿಗೂ ಗೊತ್ತಿಲ್ಲ.
ತಡೀತು.
ಆಮ್ಯಾಲ ಕತ್ತಲಿಂದ ಬಂತು ಉತ್ತರ,
"ಊಟ ಆತೇನ್ರಿ?"

ಹಗ್ಗ ಬಿಟ್ಟೆ. ಮೊದಲು ಹುಡುಗರು ಬರಲಿಲ್ಲ, ಮಣ್ಣು ಬಂತು,
ಟಿಫಿನ್ ಚೀಲದಾಗ, ಆಫ್ರೀನಳ ಓಢಣಿಯಾಗ.
ಆರನೇದರ ಬುಡಕ್ಕ ಹೂಳು ನಿಂತಿತ್ತಂತ.
ಹಿಂಗ ಬಿಡಬಾರದು, ಹರಿಯೂದು ಹರಿಬೇಕು ಅಂತ
ಅವ ಬಗ್ಗಿದನಂತ, ಉಳದವರು ನೋಡಕೋತ ನಿಂತು
ಕಡಿಗಿ ನಾಚಿ ಬಗ್ಗಿದರಂತ.
ಅವರ ಊರಾಗೂ ಇದಕ್ಕ ಕಾರೇಜ್ ಅಂತಾರಂತ,
ಅವನಜ್ಜ ಅದರಾಗೇ ಹುಟ್ಟಿದಂಗ ಬದುಕಿದಾವಂತ.
ಎಲ್ಲಾ ಜಗದೇವಿ ಹೇಳಿದ್ದು.
ಅವ ಬರೇ ಉಗುರಿನ ಸಂದಿ ತಿಕ್ಕೋತಿದ್ದ.

ಕಿಲ್ಲೆ ನೋಡೂದು ಉಳೀತು.
ಸಿದ್ರಾಮ ಕಮಲಾಪುರತನಾ ಮುಖ ಕೆಡಿಸಿಕೊಂಡೇ ಇದ್ದ.
ಸೀಟಿಗೆಲ್ಲಾ ಕೆಂಪು ರಾಡಿ ಹತ್ತಿತ್ತು,
ತೊಳಿಲಿಕ್ಕ ಅಂತ ಇನ್ನೂರು ರೂಪಾಯಿ
ಬ್ಯಾರೆ ಇಸಗೊಂಡೆ.

ಖರೆ ಹೇಳ್ತೀನಿ,
ಇನ್ನಾ ತೊಳದಿಲ್ಲ.